ಗೋಡೆಗೆ ಅಂಟಿಸಿದ ಊಟದ ಪಟ್ಟಿ

ಚಾಮರಾಜಪುರಂ, ಮೈಸೂರು
18 ನವೆಂಬರ್ 2025

ಪದ್ದು,

ರಾತ್ರಿ ಎರಡು ಗಂಟೆ ಹತ್ತು ನಿಮಿಷ. ಸ್ಟೀಲ್ ಬಟ್ಟಲು ಕಲ್ಲಿನ ಮೇಲೆ ಉಜ್ಜಿಕೊಂಡು ಹೋಗುವ ಸದ್ದಿಗೆ ಬೆಚ್ಚಿ ಎದ್ದೆ. ಮೊದಲು ಮಗುವಿನ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಉಸಿರಾಡುತ್ತಿದ್ದಳು. ಆಮೇಲೆ ಹಿತ್ತಿಲ ಬಾಗಿಲು ತೆಗೆದರೆ ನಿನ್ನ ಸಾಸಿವೆ! ಖಾಲಿ ಬಟ್ಟಲನ್ನು ಒಗೆಯುವ ಕಲ್ಲಿನಿಂದ ನನ್ನ ಬಾಗಿಲವರೆಗೂ ಮೂತಿಯಲ್ಲಿ ತಳ್ಳಿಕೊಂಡು ಬಂದು, ಅದರ ಪಕ್ಕದಲ್ಲೇ ಕೂತಿದ್ದಾಳೆ. ಬೊಗಳಲಿಲ್ಲ. ಮಗು ಮಲಗಿದೆ ಎಂದು ಅವಳಿಗೆ ಯಾರು ಹೇಳಿಕೊಟ್ಟರು ಹೇಳು.

ಮೆಸೇಜ್ ಬಿಟ್ಟು ಮೇಲ್ ಯಾಕೆ ಎನ್ನಬೇಡ. ಮೆಸೇಜ್ ಬಂದರೆ ಅಮ್ಮ ಪಕ್ಕದಲ್ಲಿ ಕೂತು ಕನ್ನಡಕ ಏರಿಸಿಕೊಂಡು ಓದುತ್ತಾಳೆ. ಮೇಲ್ ತೆರೆಯುವುದು ಅವಳಿಗೆ ಗೊತ್ತಿಲ್ಲ. ಬಾಣಂತಿಗೆ ಉಳಿದಿರುವ ಸ್ವಾತಂತ್ರ್ಯ ಇಷ್ಟೇ.

ಬೆಟ್ಟದ ಕೆಲಸಕ್ಕೆ ಹೋಗುವಾಗ ಸಾಸಿವೆಯ ಜೊತೆ ನೀನು ಕೊಟ್ಟುಹೋದ ಊಟದ ಪಟ್ಟಿಯನ್ನು ಹಿತ್ತಿಲ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿದ್ದೇನೆ. ಬೆಳಗ್ಗೆ ಅನ್ನ, ಮೂಳೆ ತೆಗೆದ ಬೇಯಿಸಿದ ಕೋಳಿ, ಒಂದು ಹೋಳು ಸಿಹಿಗುಂಬಳ. ಸಂಜೆ ಅದೇ, ಜೊತೆಗೆ ಮೊಟ್ಟೆ. ಉಪ್ಪಿಲ್ಲ, ಎಣ್ಣೆಯಿಲ್ಲ. ನಿನ್ನ ತಮ್ಮ ಅಶೋಕ ಕೆಲಸಕ್ಕೆ ಹೋಗುವಾಗ ಕೋಳಿಯ ಡಬ್ಬಿ ತಂದುಕೊಡುತ್ತಿದ್ದಾನೆ. ಆದರೂ ನನಗೆ ಭಯ. ನಿನ್ನೆ ರಾತ್ರಿ ಹಾಲು ಕುಡಿಸುತ್ತಾ ಒಂದು ಕೈಯಲ್ಲಿ ಫೋನ್ ಹಿಡಿದು ಓದಿದೆ ನೋಡು, ದಿಗಿಲಾಗಿಹೋಯಿತು. ಒಬ್ಬ ಹಸಿಮಾಂಸವೇ ಕೊಡಿ ಎನ್ನುತ್ತಾನೆ. ಇನ್ನೊಬ್ಬಳು ಹಸಿಮಾಂಸ ಕೊಟ್ಟರೆ ಮನೆಯ ಮಗುವಿಗೆ ರೋಗ ಎನ್ನುತ್ತಾಳೆ. ಮತ್ತೊಬ್ಬರು ಅಂಗಡಿಯ ಪ್ಯಾಕೆಟ್ ನಾಯಿತಿಂಡಿ ಬಿಟ್ಟು ಬೇರೇನೂ ಬೇಡವೇ ಬೇಡ ಎನ್ನುತ್ತಾರೆ. ಆರು ವಾರದ ನನ್ನ ಮಗುವಿಗೆ ಹಾಲೊಂದೇ ಸಾಕು. ನಾಯಿಗೆ ಇಷ್ಟು ಗೊಂದಲವೇ?

ಸುಮ್ಮನೆ ಕೇಳುತ್ತಿದ್ದೇನೆ: ನಾಯಿಗೆ ಬರೀ ಸಸ್ಯಾಹಾರ ಸಾಕಾಗುತ್ತದೆಯೇ? ಮೊಸರನ್ನ, ಬೇಳೆ, ಹಾಗೆ?

ಇಲ್ಲಿ ಅಮ್ಮ ಅಂಟಿನ ಉಂಡೆ ಕಟ್ಟುತ್ತಿದ್ದಾಳೆ. ಮನೆಯೆಲ್ಲಾ ತುಪ್ಪ, ಜಾಯಿಕಾಯಿ ವಾಸನೆ. ನನ್ನ ರಕ್ತ ಕಡಿಮೆಯಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಈ ಸಲ ಕಪ್ಪು ದ್ರಾಕ್ಷಿ ಎರಡರಷ್ಟು. "ದಿನಕ್ಕೊಂದು, ತಪ್ಪಿಸಿದ್ರೆ ನೋಡು!" ಎಂದು ದೊಡ್ಡ ಡಬ್ಬಿಯನ್ನು ನನ್ನ ತಲೆದೆಸೆಯಲ್ಲೇ ಇಟ್ಟಿದ್ದಾಳೆ. ತಿನ್ನುತ್ತಿದ್ದೇನೆ.

ನಿನ್ನ,
ಮಾಲು


ಬಿಳಿಗಿರಿರಂಗನ ಬೆಟ್ಟ
20 ನವೆಂಬರ್ 2025

ಮಾಲು,

ಎರಡು ಗಂಟೆಗೆ ಎದ್ದವಳು ಮೂರಕ್ಕಾದರೂ ಮಲಗಿದೆಯಾ? ಮೊದಲು ಅದನ್ನು ಹೇಳು. ಮಗುವಿನ ಉಸಿರನ್ನು ರಾತ್ರಿಗೆ ಎಷ್ಟು ಸಲ ನೋಡುತ್ತೀ? ಹತ್ತು ಸಲಕ್ಕಿಂತ ಹೆಚ್ಚಾದರೆ ನಿನ್ನ ಡಾಕ್ಟರಿಗೆ ಹೇಳು. ನಾಚಿಕೆಪಡುವ ವಿಷಯ ಅಲ್ಲ ಅದು. ನಾನು ದನದ ಡಾಕ್ಟರಾದರೂ ಹೆತ್ತ ಜೀವಗಳನ್ನು ನೋಡಿ ಗೊತ್ತು.

ನನ್ನ ದಿನಚರಿ ಕೇಳಿದರೆ ನಗುತ್ತೀ. ನಾಲ್ಕೂವರೆಗೆ ಏಳುತ್ತೇನೆ. ಟಾರ್ಚ್ ಹಿಡಿದು ನೀರಿನ ಟ್ಯಾಂಕಿನ ದಿಬ್ಬ ಹತ್ತುತ್ತೇನೆ. ಅಲ್ಲೊಂದೇ ಕಡೆ ಸಿಗ್ನಲ್. ಮೇಲ್ ಇಳಿಯುತ್ತದೆ, ಅದೃಷ್ಟವಿದ್ದರೆ ಮಾತೂ ಆಡಬಹುದು. ಐದಕ್ಕೆ ಜೀಪ್. ಸೋಲಿಗರ ಹಾಡಿಗಳಲ್ಲಿ ದನಗಳನ್ನು ಮೇಯಲು ಬಿಡುವ ಮೊದಲೇ ಲಸಿಕೆ ಹಾಕಬೇಕು. ಒಮ್ಮೆ ಕಾಡಿಗೆ ಇಳಿದರೆ ರಾತ್ರಿ ಎಂಟರವರೆಗೂ ನಾನು ಬದುಕಿದ್ದೇನೋ ಇಲ್ಲವೋ ಯಾರಿಗೂ ತಿಳಿಯದು. ನಿನ್ನೆ ಒಂದು ಹಸು ಒದ್ದಿತು. ಅದರ ಯಜಮಾನಿ, "ಅದುಕ್ಕೆ ಸೂಜಿ ಅಂದ್ರೆ ಆಗಾಕಿಲ್ಲ ಡಾಕ್ಟ್ರಮ್ಮ, ನಿಮ್ಗೆ ಮೊದ್ಲು ಚುಚ್ಚಿ ತೋರ್ಸಿ" ಎಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸಸ್ಯಾಹಾರದ ಬಗ್ಗೆ. ಸರಿಯಾಗಿ ಅಳೆದು ಮಾಡಿದರೆ ನಾಯಿ ಬದುಕುತ್ತದೆ. ಬೆಕ್ಕಿನ ಹಾಗಲ್ಲ. ಆದರೆ ಬರೀ ಮೊಸರನ್ನ ಊಟವಲ್ಲ, ಹೊಟ್ಟೆ ತುಂಬಿಸುವ ಮೋಸ ಅಷ್ಟೇ. ಸಾಸಿವೆಗೆ ಏಳು ವರ್ಷ, ಇಷ್ಟು ದಿನ ತಿಂದದ್ದನ್ನು ದಿಢೀರನೆ ಬದಲಾಯಿಸಬೇಡ. ಅಷ್ಟಕ್ಕೂ ಯಾಕೆ ಕೇಳಿದೆ?

ಪಟ್ಟಿಯ ಹಿಂದಿನ ಪುಟ ಓದಿದೆ ತಾನೆ? ಮುಂದಿನದಕ್ಕಿಂತ ಅದು ಮುಖ್ಯ. ಏನು ಕೊಡಬೇಕು ಎನ್ನುವುದರಲ್ಲಿ ಹೆಚ್ಚುಕಮ್ಮಿಯಾದರೆ ನಾಯಿ ಸೊರಗುತ್ತದೆ. ಏನು ಕೊಡಬಾರದು ಎನ್ನುವುದರಲ್ಲಿ ತಪ್ಪಿದರೆ ಸೊರಗಲೂ ಸಮಯ ಸಿಗುವುದಿಲ್ಲ.

ಉಂಡೆ ತಿನ್ನು. ನಿಮ್ಮಮ್ಮ ಕಟ್ಟಿದ್ದೆಂದರೆ ನನಗೆ ಇಲ್ಲೇ ಬಾಯಲ್ಲಿ ನೀರು. ಹಾಸ್ಟೆಲಿಗೆ ತಂದಾಗ ನಿನ್ನ ಪಾಲನ್ನೂ ನಾನೇ ತಿಂದಿದ್ದು ನೆನಪಿದೆಯಾ? ಈಗ ನನ್ನ ಪಾಲನ್ನು ನೀನು ತಿನ್ನು.

ಪದ್ದು


ಚಾಮರಾಜಪುರಂ
26 ನವೆಂಬರ್ 2025

ಪದ್ದು,

ಹೂಂ, ಓದಿದೆ, ಎಲ್ಲಾ ಓದಿದೆ. ಇಲ್ಲಿ ಎಲ್ಲವೂ ಚೆನ್ನಾಗಿದೆ. ಶುಕ್ರವಾರ ನಿಮ್ಮಮ್ಮ ಬಂದಿದ್ದರು. ಸಾಸಿವೆ ಗೇಟು ಮುರಿಯುವ ಹಾಗೆ ಹಾರಾಡಿದಳು. ಅಮ್ಮನೂ ಅವರೂ ಮಾತಾಡಿದರು. ನಿಮ್ಮಮ್ಮ ಖುಷಿಯಾಗಿ ಹೋದರು ಅನಿಸುತ್ತದೆ.

ಒಂದು ವಿಷಯ. ಆಸ್ಪತ್ರೆಯವರು ನನ್ನ ತೂಕ ನೋಡಿಕೊಳ್ಳಿ ಎಂದದ್ದಕ್ಕೆ ಪ್ರದ್ಯುಮ್ನ ಹಾಸನದಿಂದ ಮಗಳನ್ನು ನೋಡಲು ಬರುವಾಗ ಒಂದು ತೂಕದ ಯಂತ್ರ ತಂದ. ಸಾಸಿವೆಯನ್ನು ಎತ್ತಿಕೊಂಡು ನಿಂತು, ಆಮೇಲೆ ಒಬ್ಬಳೇ ನಿಂತು, ಕಳೆದು ನೋಡಿದೆ. ಹನ್ನೆರಡೂವರೆ ಕೆಜಿ. ನೀನು ಬರೆದಿಟ್ಟದ್ದು ಹದಿನಾಲ್ಕು ಅಲ್ಲವೇ? ನಾನು ಬೆಚ್ಚಿಬಿದ್ದೆ. ಯಂತ್ರವೇ ಸರಿಯಿಲ್ಲದಿರಬಹುದು, ನನ್ನ ತೂಕವನ್ನೂ ಕಡಿಮೆಯೇ ತೋರಿಸುತ್ತಿದೆ. ಜಾಗ ಬದಲಾದರೆ ನಾಯಿಗಳು ಸ್ವಲ್ಪ ಇಳಿಯುತ್ತವೆ ತಾನೆ? ಎಷ್ಟರವರೆಗೆ ಇಳಿದರೆ ಪರವಾಗಿಲ್ಲ?

ಮಗು ಅಳುತ್ತಿದೆ.

ಮಾಲು


ಬಿಳಿಗಿರಿರಂಗನ ಬೆಟ್ಟ
28 ನವೆಂಬರ್ 2025

ಮಾಲು,

ಹತ್ತು ದಿನದಲ್ಲಿ ಒಂದೂವರೆ ಕೆಜಿ ಎಂದರೆ ಪರವಾಗಿಲ್ಲ ಎನ್ನುವ ಮಾತಲ್ಲ. ನೀನು ಅರವತ್ತು ಕೆಜಿ ಇದ್ದು ಹತ್ತು ದಿನದಲ್ಲಿ ಆರು ಕೆಜಿ ಇಳಿದ ಹಾಗೆ. ಜಂತು ಇರಬಹುದು. ನನ್ನನ್ನು ನೆನೆದು ತಿನ್ನುವುದನ್ನು ಬಿಟ್ಟಿರಲೂಬಹುದು, ಮೊದಲಿಂದ ಹಾಗೆ ಅವಳು. ಎರಡೂ ಹೊತ್ತು ತಟ್ಟೆಯ ಫೋಟೊ ಕಳಿಸು, ತಿನ್ನುವ ಮೊದಲು ಒಂದು, ತಿಂದ ಮೇಲೆ ಒಂದು.

ನಿನ್ನ ಮೇಲೆ ಭಾರ ಹೊರಿಸಿಬಿಟ್ಟೆ ಕಣೇ. ಕೈಕೂಸು ಇರುವವಳಿಗೆ ಇದು ಬೇಕಿತ್ತಾ ಎಂದು ಅನಿಸುತ್ತಿದೆ.

ಪದ್ದು


ಬಿಳಿಗಿರಿರಂಗನ ಬೆಟ್ಟ
3 ಡಿಸೆಂಬರ್ 2025

ಮಾಲು, ಐದು ದಿನವಾಯಿತು. ಫೋಟೊ ಇಲ್ಲ, ಉತ್ತರವೂ ಇಲ್ಲ. ಮಗು ಚೆನ್ನಾಗಿದೆಯಾ? ನೀನು?


ಚಾಮರಾಜನಗರ
7 ಡಿಸೆಂಬರ್ 2025, ಭಾನುವಾರ

ಮಾಲವಿಕಾ,

ಲಸಿಕೆ ತುಂಬಿಕೊಂಡು ಹೋಗಲು ಈ ದಿನ ಕೆಳಗೆ ಬಂದಿದ್ದೇನೆ. ಸಿಗ್ನಲ್ ಚೆನ್ನಾಗಿದೆ. ನಿನಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಅವ್ವನಿಗೆ ಮಾಡಿದೆ.

ಕೋಳಿ ಡಬ್ಬಿ ಹದಿನೈದು ದಿನದಿಂದ ಬಂದ್ ಅಂತೆ. ಅದಕ್ಕೂ ಮುಂಚೆ ಅಶೋಕ ಅದನ್ನು ಗೇಟಿನ ಕೊಕ್ಕೆಗೆ ನೇತುಹಾಕಿ ಹೋಗಬೇಕಿತ್ತಂತೆ. ಗೇಟಿನಿಂದ ಒಳಗೆ ಆ ಡಬ್ಬಿ ಬರಬಾರದಂತೆ. ಇದು ಯಾವುದನ್ನೂ ಅವ್ವ ತಾನಾಗಿ ಹೇಳಲಿಲ್ಲ. ನಾಯಿ ಯಾಕೆ ಇಳಿಯುತ್ತಿದೆ ಎಂದು ನಾನು ಬಿಡದೆ ಕೇಳಿದ್ದಕ್ಕೆ, "ಬುಡವ್ವ, ಅವ್ರ ಮನೇಲಿ ಬಾಣ್ತಿ ಅವ್ಳೆ, ಅವ್ರಿಗೂ ಮಡಿ ಮೈಲಿಗೆ ಇರ್ತದೆ. ನಾಯಿ ಮೊಸ್ರನ್ನ ತಿಂದ್ರೆ ಸತ್ತೋಯ್ತದಾ?" ಎಂದಳು. ನಿಮ್ಮ ಪರವಾಗಿ ಮಾತಾಡಿದಳು. ಅದನ್ನು ಕೇಳಿ ದಂಗಾದೆ ನಾನು.

ನಿಮ್ಮಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವರು ಏನು ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ನಿನ್ನ ವಿಷಯ ಗೊತ್ತಿದೆ ಎಂದುಕೊಂಡಿದ್ದೆ. ಆ ಶುಕ್ರವಾರ ಅವ್ವ ಗೇಟಿನ ಹೊರಗೆ ನಿಂತಿದ್ದಾಗ ನೀನು ಕಿಟಕಿಯ ಪರದೆ ಹಿಂದೆ ಇದ್ದೆಯಂತೆ. ಅವ್ವ ನೋಡಿದಳು. "ಕೂಸು ಎತ್ಕಂಡಿತ್ತು ಪಾಪ, ಬರಕ್ಕಾಗ್ನಿಲ್ಲ" ಎಂದು ಅದಕ್ಕೂ ಅವಳೇ ಕಾರಣ ಹುಡುಕಿದಳು.

ಬುಧವಾರ ಬೆಳಗ್ಗೆ ಅಶೋಕ ಬಂದು ಸಾಸಿವೆಯನ್ನು ಕರೆದುಕೊಂಡು ಹೋಗುತ್ತಾನೆ. ಅವರಿರುವುದು ಒಂದೇ ಕೋಣೆ, ಆದರೂ ಅವಳಿಗೆ ಜಾಗವಾಗುತ್ತದೆ.

ಪದ್ಮಾವತಿ


ಚಾಮರಾಜಪುರಂ
10 ಡಿಸೆಂಬರ್ 2025, ಬುಧವಾರ

ಪದ್ದು,

ಬೆಳಗಿನ ಜಾವ ಮೂರು ಗಂಟೆ ಐದು ನಿಮಿಷ. ಬಟ್ಟಲಿನ ಸದ್ದಿಗೆ ಎದ್ದೆ. ಮೊದಲ ದಿನದಂತೆ ಅದು ಉಜ್ಜಿಕೊಂಡು ಬರುವ ಸದ್ದಲ್ಲ. ಒಮ್ಮೆ ಠಣ್ ಎಂದು ಬಿತ್ತು, ಆಮೇಲೆ ಏನೂ ಇಲ್ಲ. ಹೋಗಿ ನೋಡಿದರೆ ಸಾಸಿವೆ ನೀರಿನ ಬಟ್ಟಲಿನ ಮೇಲೇ ಕುಸಿದಿದ್ದಳು. ಕಣ್ಣು ಬಿಟ್ಟಿದ್ದಾಳೆ, ಉಸಿರಾಡುತ್ತಿದ್ದಾಳೆ. ಎದ್ದು ನಿಲ್ಲಲು ಆಗುತ್ತಿಲ್ಲ.

ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ ಎಂದು ಅದೇ ಹೆಂಗಸು ಹೇಳುತ್ತಿದ್ದಾಳೆ. ನಾಲ್ಕೂವರೆಗೆ ನೀನು ದಿಬ್ಬ ಹತ್ತಿದಾಗ ಇದು ಇಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದದೆ ಜೀಪ್ ಹತ್ತಬೇಡ.

ಮೊದಲು ನಿನಗೆ ಡಾಕ್ಟರಾಗಿ ಬೇಕಾದದ್ದು. ಸೋಮವಾರ ರಾತ್ರಿ ಒಂಬತ್ತು ಗಂಟೆಗೆ ಸಾಸಿವೆ ಹತ್ತು ಅಂಟಿನ ಉಂಡೆ ತಿಂದಿದ್ದಾಳೆ. ನಾನೇ ಕೊಟ್ಟೆ. ಒಂದೊಂದು ಉಂಡೆಯಲ್ಲೂ ಏಳೆಂಟು ಕಪ್ಪು ದ್ರಾಕ್ಷಿ ಇದೆ, ಅರೆದು ಸೇರಿಸಿದ್ದು, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೂ ಮುಂಚೆ ಎರಡೂವರೆ ವಾರದಿಂದ ದಿನಕ್ಕೊಂದು. ನಿನ್ನೆ ಬೆಳಗ್ಗೆ ಐದು ಸಲ ವಾಂತಿ. ದಿನವೆಲ್ಲಾ ನೀರು ಕುಡಿದೇ ಕುಡಿದಳು. ಮಧ್ಯಾಹ್ನ ಎರಡರಿಂದ ಒಂದು ಹನಿಯೂ ಮೂತ್ರ ಮಾಡಿಲ್ಲ.

ಈಗ ಉಳಿದದ್ದು.

ನಾನು ಒಂದು ಉಂಡೆಯನ್ನೂ ತಿಂದಿಲ್ಲ ಪದ್ದು. ಹೆರಿಗೆಯಾದ ಮೇಲೆ ತುಪ್ಪದ ವಾಸನೆ ಬಂದರೆ ನನ್ನ ಗಂಟಲು ಮುಚ್ಚಿಕೊಳ್ಳುತ್ತದೆ. ಅಮ್ಮ ಎರಡು ದಿನ ಕೂತು ಅಂಟು ಹುರಿದು, ಕೊಬ್ಬರಿ ತುರಿದು, ಬೆರಳು ಸುಟ್ಟುಕೊಂಡು ಕಟ್ಟಿದ್ದು. ಬೇಡ ಎನ್ನಲು ಬಾಯಿ ಬರಲಿಲ್ಲ. ಕಿಟಕಿಯ ಕೆಳಗೆ ಸಾಸಿವೆ ಮೊಸರನ್ನವನ್ನು ಮೂಸಿ ಬಿಟ್ಟು ಮಲಗಿರುತ್ತಿದ್ದಳು. ಒಂದು ಉಂಡೆ ಎಸೆದೆ. ಬಾಲ ಅಲ್ಲಾಡಿಸುತ್ತಾ ತಿಂದಳು. ಇಬ್ಬರ ಕಷ್ಟವೂ ಒಂದೇ ಸಲ ಕಳೆಯಿತು ಎಂದು ಎಷ್ಟು ಹಗುರವಾಯಿತು ಗೊತ್ತಾ? ಬೆಳಗ್ಗೆ ಅಮ್ಮ ಡಬ್ಬಿ ತೆಗೆದು, "ನೋಡು, ಮುಖದಲ್ಲಿ ಎಂಥ ಕಳೆ ಬಂದಿದೆ!" ಎನ್ನುತ್ತಿದ್ದಳು.

ನಿನ್ನ ಭಾನುವಾರದ ಪತ್ರವನ್ನು ನಾನು ಓದಿದ್ದು ಸೋಮವಾರ ಸಂಜೆ. ಸಾಸಿವೆಯ ಪಕ್ಕೆಲುಬುಗಳನ್ನು ಮುಟ್ಟಿ ನೋಡಿದೆ. ಬುಧವಾರ ಅಶೋಕ ಬರುತ್ತಾನೆ, ನಿಮ್ಮಮ್ಮ ಇವಳನ್ನು ನೋಡುತ್ತಾರೆ. ಹೆತ್ತು ಬಳಲಿದವಳನ್ನೇ ಎದ್ದು ಕೂರಿಸುವ ಉಂಡೆಯಲ್ಲವೇ, ನಾಯಿಗೂ ಎರಡು ದಿನದಲ್ಲಿ ಒಂದಿಷ್ಟು ತುಂಬಿಕೊಳ್ಳಲಿ ಎಂದುಕೊಂಡೆ. ಡಬ್ಬಿಯಲ್ಲಿ ಉಳಿದಿದ್ದ ಹತ್ತನ್ನೂ ಒಂದೊಂದಾಗಿ, ತಲೆ ಸವರುತ್ತಾ, ಕ್ಷಮಿಸು ಕ್ಷಮಿಸು ಎನ್ನುತ್ತಾ ಬಾಯಿಗಿಟ್ಟೆ. ಕೊನೆಯದು ಬೇಡವೆಂದು ಮುಖ ತಿರುಗಿಸಿದಳು. ನಾನು ಬಿಡಲಿಲ್ಲ.

ನಿನ್ನೆ ಸಂಜೆ ನಿನ್ನ ಸಹಪಾಠಿ ನಾಗೇಂದ್ರ ಅವರ ಕ್ಲಿನಿಕ್ಕಿಗೆ ಆಟೊದಲ್ಲಿ ಕರೆದುಕೊಂಡು ಹೋದೆವು. ಮಗುವನ್ನು ಎತ್ತಿಕೊಂಡು ಅಮ್ಮನೂ ಬಂದಳು. "ಏನೇನು ತಿಂದಿದೆಯಮ್ಮ?" ಎಂದು ಅವರು ಎರಡು ಸಲ ಕೇಳಿದರು. ಅಮ್ಮ ಪಕ್ಕದಲ್ಲೇ ನಿಂತಿದ್ದಳು. "ಮೊಸರನ್ನ" ಎಂದೆ. "ಬೇರೆ?" "ಬೇರೇನಿಲ್ಲ." ಊಟ ಬದಲಾದದ್ದಕ್ಕೆ ಹೊಟ್ಟೆ ಕೆಟ್ಟಿದೆ ಎಂದು ವಾಂತಿ ನಿಲ್ಲುವ ಸೂಜಿ ಹಾಕಿ, ನಾಳೆ ನೋಡೋಣ ಎಂದರು. ಅವರ ತಪ್ಪಿಲ್ಲ. ನಾನು ಹೇಳಿದ್ದಕ್ಕೆ ಅವರು ಔಷಧಿ ಕೊಟ್ಟರು.

ಆಗಲೂ ದ್ರಾಕ್ಷಿ ನಾಯಿಗೆ ವಿಷ ಎಂದು ನನಗೆ ಗೊತ್ತಿರಲಿಲ್ಲ, ನಂಬು. ತುಪ್ಪ ಹೆಚ್ಚಾಗಿದೆ, ಇಳಿಯುತ್ತದೆ ಎಂದುಕೊಂಡಿದ್ದೆ. ಈಗ ಅವಳು ಬಿದ್ದಿದ್ದನ್ನು ನೋಡಿ, ನಿನ್ನ ಹಿಂದಿನ ಪುಟ ನೆನಪಾಗಿ, ಗೋಡೆಯಿಂದ ಪಟ್ಟಿಯನ್ನು ಕಿತ್ತೆ. ಸುಣ್ಣದ ಸಮೇತ ಬಂತು. ನಾನು ಅದನ್ನು ಓದಿರಲೇ ಇಲ್ಲ. ಹಿಂದಿನ ಪುಟವೊಂದಿದೆ ಎನ್ನುವುದೇ ಅಂಟಿಸಿದ ಮೇಲೆ ನಿನ್ನ ಪತ್ರದಿಂದ ಗೊತ್ತಾದದ್ದು. ಕೀಳಲು ಸೋಮಾರಿತನ, ಓದಿಲ್ಲ ಎನ್ನಲು ಸಂಕೋಚ. ಕೊನೆಯ ಸಾಲಿಗೆ ನೀನು ಎರಡು ಗೆರೆ ಎಳೆದಿದ್ದೀ: "ದ್ರಾಕ್ಷಿ, ಒಣದ್ರಾಕ್ಷಿ ಒಂದೂ ಬೇಡ, ಮೂತ್ರಪಿಂಡ ಹೋಗುತ್ತದೆ. ಮುಖ್ಯವಾಗಿ ಉಂಡೆ. ನಿಮ್ಮಮ್ಮ ಪ್ರೀತಿಯಿಂದ ಕೊಟ್ಟುಬಿಡುತ್ತಾರೆ, ನೋಡಿಕೋ."

ನಿಮ್ಮಮ್ಮ ಪ್ರೀತಿಯಿಂದ. ನೀನು ಹಾಗೆ ಬರೆದಿದ್ದೀ ಪದ್ದು.

ಆ ಶುಕ್ರವಾರ ನಿಜವಾಗಿ ನಡೆದದ್ದು ಇದು. ಅಮ್ಮ ಗೇಟಿನ ಒಳಗೇ ನಿಂತು, "ಮಾಂಸ ಮುಟ್ಟಿದ ಕೈಲಿ ಮಾಲು ಮಗು ಮುಟ್ತಾಳೆ ನೋಡಿ, ಇನ್ನು ಡಬ್ಬಿ ಬೇಡ. ಒಳಗೆ ಕರೆಯೋಣ ಅಂದ್ರೆ ಬಾಣಂತಿ ಮನೆ" ಎಂದಳು. ನಿಮ್ಮಮ್ಮ, "ಬುಡಿ ಅಮ್ಮಾರೆ, ನಾನು ನಾಯಿ ನೋಡಕ್ಕೆ ಬಂದಿದ್ದು, ಮನೆ ನೋಡಕ್ಕಲ್ಲ" ಎಂದರು. ತಂದಿದ್ದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ನನ್ನ ಕೈಯಲ್ಲಿ ಮಗು ಇರಲಿಲ್ಲ. ಅದು ತೊಟ್ಟಿಲಲ್ಲಿತ್ತು. ನನ್ನ ಎರಡೂ ಕೈ ಖಾಲಿಯಿದ್ದವು. ನಿಮ್ಮಮ್ಮ ನಿನಗೆ ಹೇಳಿದ್ದು ನನ್ನನ್ನು ಉಳಿಸಲು.

ಪಟ್ಟಿ ಹಿಡಿದು ನಿಂತಿದ್ದಾಗ ಅಮ್ಮ ಎದ್ದು ಬಂದಳು. ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ನಾಯಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. "ಒಂದೂ ತಿಂದಿಲ್ವೇನೇ?" ಎಂದಳು. "ಒಂದೂ ಇಲ್ಲಮ್ಮ." "ಮತ್ತೆ ಇಷ್ಟು ದಿನ ಏನು ತಿಂದು ಹಾಲು ಕುಡಿಸ್ತಿದ್ದೀಯೇ?" ಎಂದು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಆಮೇಲೆ, "ಅವರಮ್ಮನಿಗೆ ಫೋನ್ ಮಾಡು. ನಾನು ಮಾತಾಡಲ್ಲ, ನೀನೇ ಮಾಡು" ಎಂದಳು.

ಮಾಡಿದೆ. ಒಂದೇ ರಿಂಗಿಗೆ ನಿಮ್ಮಮ್ಮ ಎತ್ತಿದರು. ಅಳುವಿನಲ್ಲಿ ಏನು ಹೇಳಿದೆನೋ ತಿಳಿಯದು. "ಉಸುರಾಡ್ತದಾ?" ಎಂದರು. ಹೂಂ ಎಂದೆ. "ಉಸುರಾಡ್ತದೆ ಅಂದ್ರೆ ಇರು, ಅಳಬ್ಯಾಡ, ಅಸೋಕ ಆಟೊ ತತ್ತಾನೆ." ಈಗ ಕೆಸರೆಯಿಂದ ಹೊರಟಿದ್ದಾರೆ. ಅಮ್ಮ ಗೇಟಿನ ಬೀಗ ತೆಗೆದು, ಶಾಲು ಹೊದ್ದು ಅಲ್ಲೇ ನಿಂತಿದ್ದಾಳೆ. ಅವರು ಬಂದಾಗ ಒಳಗೆ ಬನ್ನಿ ಎನ್ನುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಸಲ ನಾನು ಪರದೆಯ ಹಿಂದೆ ಇರುವುದಿಲ್ಲ, ಅಷ್ಟು ಗೊತ್ತು.

ಆದರೆ ಆಟೊ ಬಂದರೆ ಎಲ್ಲಿಗೆ ಹೋಗುವುದು? ನಾಗೇಂದ್ರ ಅವರ ಕ್ಲಿನಿಕ್ಕಿನ ಫೋನ್ ಸುಮ್ಮನೆ ಹೊಡೆದುಕೊಳ್ಳುತ್ತಿದೆ. ಬಾಗಿಲು ತೆಗೆಯುವುದು ಹತ್ತು ಗಂಟೆಗೆ. ನೆಟ್‌ನಲ್ಲಿ ನೋಡಿದೆ, ಬೇಗ ಡ್ರಿಪ್ ಹಾಕಿದರೆ ಉಳಿಯಬಹುದು ಎಂದಿದೆ. ಮೂತ್ರ ನಿಂತಮೇಲೆ ಒಂದೊಂದು ಗಂಟೆಯೂ ಮುಖ್ಯ ಎಂದೂ ಇದೆ. ಅವರ ಮನೆಯ ನಂಬರ್ ನಿನ್ನ ಹತ್ತಿರ ಇದೆಯಲ್ಲ, ನಿನ್ನ ಮಾತಿಗೆ ಅವರು ಏಳುತ್ತಾರೆ.

ಹಾಗಾಗಿ ನನಗೆ ಮಾಡಬೇಡ. ನನ್ನ ದನಿ ಕೇಳಲು ನಿನಗೆ ಮನಸ್ಸಿಲ್ಲದಿದ್ದರೆ ಅದು ನ್ಯಾಯವೇ. ನಾಗೇಂದ್ರರಿಗೆ ಮಾಡು. ಹತ್ತು ಉಂಡೆ ಎಂದು ಹೇಳು, ಸೋಮವಾರ ರಾತ್ರಿ ಒಂಬತ್ತು ಎಂದು ಹೇಳು, ಮಾಲು ಸುಳ್ಳು ಹೇಳಿದಳು ಎಂದು ಹೇಳು. ಆಮೇಲೆ ಎಲ್ಲಿಗೆ ಕರೆದೊಯ್ಯಬೇಕೆಂದು ಅಶೋಕನಿಗೆ ಹೇಳು, ನಿಮ್ಮಮ್ಮನಿಗೆ ಹೇಳು, ಯಾರಿಗಾದರೂ ಹೇಳು. ದಿಬ್ಬದ ಮೇಲೆ ಮಾತು ಕತ್ತರಿಸಿದರೆ ಮತ್ತೆ ಮಾಡು. ಜೀಪಿನವನು ಹಾರ್ನ್ ಹೊಡೆಯಲಿ ಬಿಡು. ಸಾಸಿವೆಯ ತಲೆ ನನ್ನ ತೊಡೆಯ ಮೇಲಿದೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಇನ್ನೊಂದು ಕೈ ಅವಳ ಮೂಗಿನ ಹತ್ತಿರ ಇದೆ. ಬೆಳಕು ಹರಿಯುವ ಮೊದಲು ಮಾಡು ಪದ್ದು. ದನಗಳು ಕಾಯಲಿ. ಇಳಿಯುವ ಮೊದಲು ಒಂದು ಫೋನ್ ಮಾಡು.